ಬಾಯಿ ಬಿಡದ ಮೀನು

ಭಾನುವಾರ ಬೆಳಗ್ಗೆ ವೆಂಕಟಗಿರಿ ಕಾಫಿ ಲೋಟ ಬಾಯಿಗಿಡುವ ಹೊತ್ತಿಗೆ ಮನೆ ಓನರ್ ನಾಗರಾಜು ಅವರ ಫೋನ್ ಬಂತು. ಬಾಡಿಗೆದಾರನಿಗೆ ರಜೆಯ ದಿನ ಓನರ್ ಫೋನ್ ಬಂತೆಂದರೆ ಒಂದೋ ನೀರಿನ ಮೋಟರ್ ಕೆಟ್ಟಿರಬೇಕು, ಇಲ್ಲವೇ ಅವನ ಗ್ರಹಚಾರ ಕೆಟ್ಟಿರಬೇಕು. ಮೋಟರ್ ಚೆನ್ನಾಗಿಯೇ ಓಡುತ್ತಿತ್ತು.

"ವೆಂಕಟಗಿರಿಯವ್ರೇ, ನೆಂಟ್ರ ಗೃಹಪ್ರವೇಶ ಅಂತ ಕುಣಿಗಲ್‌ಗೆ ಹೋಗ್ತಾ ಇದೀನಿ. ದಾರೀಲಿ ವಾಸ್ತುನವ್ರು ಫೋನ್ ಮಾಡಿದ್ರು ಕಣ್ರೀ. ಈಶಾನ್ಯದಲ್ಲಿ ಗಂಡು ಮೀನಿದ್ರೆ ಮನೇಲಿ ಜಗಳ ಅಂತೆ. ಇವತ್ತು ಹೊತ್ತು ಮುಳುಗೋದ್ರೊಳಗೆ ಆಚೆ ಹೋಗ್ಬೇಕಂತೆ. ನಮ್ ಹಜಾರದ ತೊಟ್ಟೀಲಿ ಎರಡಿವೆಯಲ್ಲ, ಅದ್ರಲ್ಲಿ ಗಂಡನ್ನ ಹಿಡಿದು ಮಲ್ಲತ್ತಹಳ್ಳೀಲಿ ನಮ್ ಭಾಮೈದ ಗೂಳಪ್ಪನ ಮನೆಗೆ ಬಿಟ್ ಬನ್ನಿ. ಹೆಣ್ಣು ಇರ್ಲಿ, ಲಕ್ಷ್ಮಿ ಅದು."

"ಸಾರ್, ಗಂಡು ಯಾವ್ದು ಅಂತ ನಂಗೆ ಹೆಂಗೆ..."

"ಕಾಲೇಜಲ್ಲಿರೋರು ನೀವು, ನಿಮಗೆ ಗೊತ್ತಿರಲ್ವಾ? ಸಾಯಂಕಾಲ ಬಂದು ಅಗ್ರಿಮೆಂಟ್ ವಿಷ್ಯ ಮಾತಾಡ್ತೀನಿ."

ಕಾಲೇಜಿನಲ್ಲಿ ಇದ್ದದ್ದೇನೋ ನಿಜ, ಆಫೀಸಿನಲ್ಲಿ ಟಿ.ಸಿ. ಬರೆಯುವ ಗುಮಾಸ್ತನಾಗಿ. ಆದರೆ ಅಗ್ರಿಮೆಂಟ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ವೆಂಕಟಗಿರಿ ಆನೆಯನ್ನಾದರೂ ಹಿಡಿಯಬಲ್ಲ. ಚಂದ್ರಾ ಲೇಔಟಿನ ಈ ಮಹಡಿ ಮನೆಗೆ ಬರುವ ಮೊದಲು ಅವನ ಸಂಸಾರ ವಿಜಯನಗರದಿಂದ ಬಸವೇಶ್ವರನಗರಕ್ಕೆ, ಅಲ್ಲಿಂದ ಕೆಂಗೇರಿಗೆ ಗಂಟುಮೂಟೆ ಕಟ್ಟಿತ್ತು. ಮಗಳ ಸ್ಕೂಲು ಈಗ ಪಕ್ಕದ ಬೀದಿಯಲ್ಲೇ ಇದೆ. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯುತ್ತಾ ಬಂದಿತ್ತು.

"ಇನ್ನೊಂದ್ ಸಲ ಪಾತ್ರೆ ಪಗಡ ಟೆಂಪೋಗೆ ಏರಿಸು ಅಂದ್ರೆ ನಾನು ತವರಿಗೆ ಹೋಗ್ತೀನಿ, ಅಷ್ಟೇ," ಎಂದಳು ಹೆಂಡತಿ ಸತ್ಯವತಿ. "ಅವ್ರು ಹೇಳಿದ್ದು ಮಾಡಿ. ಆದ್ರೆ ಮೀನು ಮುಟ್ಟಿದ್ ಕೈಲಿ ನನ್ ಅಡುಗೆಮನೆಗೆ ಬರ್ಬೇಡಿ."

ಕೆಳಗೆ ಓನರ್ ಮನೆಯ ಹಜಾರದ ಮೂಲೆಯಲ್ಲಿ ಗಾಜಿನ ತೊಟ್ಟಿ. ಒಳಗೆ ಎರಡು ಹಾವುತಲೆ ಮೀನು. ಗೇಣುದ್ದದ ಮೈ, ನೀಲಿ ಅಂಚಿನ ರೆಕ್ಕೆ, ತಲೆ ಮಾತ್ರ ಥೇಟ್ ಹಾವಿನದೇ. ಒಂದು ಸರಸರ ಓಡಾಡುತ್ತಿತ್ತು. ಇನ್ನೊಂದು ಗದ್ದ ಊದಿಸಿಕೊಂಡು, ಬಾಯಿ ಬಿಗಿದು, ಮೂಲೆ ಹಿಡಿದಿತ್ತು.

"ಏನಪ್ಪಾ, ಹೆಣ್ ನೋಡಕ್ ಬಂದೋನಂಗೆ ನಿಂತ್ಬಿಟ್ಟೆ?" ಎಂದರು ಮಂಡಿನೋವಿನಿಂದ ಮನೆಯಲ್ಲೇ ಉಳಿದಿದ್ದ ನಾಗರಾಜು ಅವರ ತಾಯಿ ಬೋರಮ್ಮ.

"ಹೆಣ್ಣನ್ನೇ ನೋಡ್ತಾ ಇದೀನಮ್ಮ, ಯಾವ್ದು ಅಂತ ಗೊತ್ತಾಗ್ತಿಲ್ಲ."

ಇಷ್ಟು ಸಾಕಾಯಿತು. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಆಫೀಸರ್ ಸುಧೀಂದ್ರ ಕರೆಯದೆಯೇ ಮೊಬೈಲ್ ಹಿಡಿದು ಒಳಗೆ ಬಂದರು. ಬೀದಿಯಲ್ಲಿ ಯಾರಿಗಾದರೂ ತೊಂದರೆಯಾದರೆ ಅವರಿಗೆ ಹೇಗೋ ತಿಳಿದುಬಿಡುತ್ತದೆ.

"ನೋಡಿ, ಗಂಡಿನ ತಲೆ ಅಗಲ, ರೆಕ್ಕೆ ಉದ್ದ, ಬಣ್ಣ ಜಾಸ್ತಿ. ಹೆಣ್ಣಿನ ಹೊಟ್ಟೆ ಗುಂಡಗೆ. ವಿಡಿಯೋದಲ್ಲಿ ಹಂಗಂತಾನೆ."

"ಹಂಗಾದ್ರೆ ಮೂಲೇಲಿರೋದೇ ಗಂಡಲ್ವಾ ಸಾರ್? ತಲೆ ಅಗಲ ಇದೆ," ಎಂದ ವೆಂಕಟಗಿರಿ.

"ಸುಮ್ನಿರಪ್ಪ!" ಬೋರಮ್ಮ ಗದರಿದರು. "ಏಳು ಹೆತ್ತೋಳು ನಾನು, ನನ್ ಮುಂದೆ ಹೇಳ್ತೀಯಾ? ವಾರದ್ ಮೇಲಾಯ್ತು, ಒಂದು ಕಾಳು ಮುಟ್ಟಿಲ್ಲ. ಮಂಕಾಗಿ ಕೂತದೆ. ಬಸುರಿ ಅನ್ನಕ್ಕೆ ಇನ್ನೇನ್ ಬೇಕು?"

"ಬಸುರಾದ್ರೆ ಹೊಟ್ಟೆ ಊದ್ಬೇಕಲ್ವಾ ಅಮ್ಮ?" ಎಂದರು ಸುಧೀಂದ್ರ.

"ನಮ್ ದೊಡ್ ಸೊಸೆಗೆ ಮೊದ್ಲು ಊದಿದ್ದು ಮುಖಾನೇ!"

ಸುಧೀಂದ್ರ ವಿಡಿಯೋವನ್ನು ಮತ್ತೆ ಮೊದಲಿನಿಂದ ಓಡಿಸಿದರು. ಬೋರಮ್ಮ ಮಾವಿನಕಾಯಿಯ ಒಂದು ಸಣ್ಣ ಹೋಳು ತಂದು ತೊಟ್ಟಿಗೆ ಹಾಕಿ, "ಬಾಯಿ ಕೆಟ್ಟಿರ್ತದೆ, ತಿನ್ನವ್ವ," ಎಂದರು. ಮೀನು ಮೂಸಿಯೂ ನೋಡಲಿಲ್ಲ.

ಓಡಾಡುವುದೇ ಗಂಡೆಂದು ತೀರ್ಪಾಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ವೆಂಕಟಗಿರಿ ಹೆಂಡತಿಗೆ ಕಾಣದಂತೆ ಹಿಟ್ಟಿನ ಜರಡಿ ತಂದು, ಅರ್ಧ ಗಂಟೆ ಹೆಣಗಾಡಿ, ಶರ್ಟು ಪೂರ್ತಿ ಒದ್ದೆ ಮಾಡಿಕೊಂಡು ಅದನ್ನು ಹಿಡಿದ. ಪೇಂಟ್ ಬಕೆಟ್ಟಿಗೆ ಹಾಕಿ, ಮುಚ್ಚಳ ಮುಚ್ಚಿ, ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಹೊರಟ.

ನಾಗರಭಾವಿ ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದ್ದೇ ತಡ, ಮುಚ್ಚಳ ಹಾರಿತು. ಹಿಂದೆಯೇ ಮೀನೂ ಹಾರಿ, ರಸ್ತೆಗೆ ಬಿದ್ದು, ಬಳುಕುತ್ತಾ ಹೊರಟಿತು.

"ಹಾವು! ಹಾವು!" ಎಂದು ಎಳನೀರು ಮಾರುವವನು ಕೂಗಿದ. ಬೈಕಿನವನೊಬ್ಬ ಕಾಲೆರಡನ್ನೂ ಮೇಲೆತ್ತಿಕೊಂಡ. ಹಿಂದಿನವರೆಲ್ಲ ಹಾರ್ನ್ ಬಡಿಯತೊಡಗಿದರು. ವೆಂಕಟಗಿರಿ ಮೊಣಕಾಲೂರಿ ಹೆಲ್ಮೆಟ್ಟನ್ನು ಅದರ ಮೇಲೆ ಕವುಚಿದ.

"ಮೀನು ಕಣ್ರೀ, ಗಂಡು ಮೀನು!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ.

"ಗಂಡಾದ್ರೇನು ಹೆಣ್ಣಾದ್ರೇನು, ಗಾಡಿ ಸೈಡ್‌ಗೆ ಹಾಕ್ರೀ!" ಎಂದ ಟ್ರಾಫಿಕ್ ಪೊಲೀಸ್.

ಗಟ್ಟಿ ಜೀವ, ಅದಕ್ಕೇನೂ ಆಗಿರಲಿಲ್ಲ. ಆದರೆ ಮಲ್ಲತ್ತಹಳ್ಳಿಯಲ್ಲಿ ಗೂಳಪ್ಪ ಬಕೆಟ್ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯಯ್ಯೋ, ಬೇಡಿ ಸಾರ್! ನಮ್ಮನೆಯವ್ಳು ಅದೇ ವಾಸ್ತುನವ್ರನ್ನ ಕೇಳಿದ್ಲು. ನಮ್ಮನೆಗೂ ಗಂಡು ಆಗಲ್ವಂತೆ. ಮಜ್ಜಿಗೆ ಕುಡ್ಕೊಂಡು ವಾಪಸ್ ತಗೊಂಡ್ ಹೋಗಿ."

ವೆಂಕಟಗಿರಿ ಮಜ್ಜಿಗೆ ಕುಡಿದ. ಬೇರೇನೂ ಮಾಡಲು ತೋಚಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮನೆ ಮುಟ್ಟಿ, ಬಕೆಟ್ಟನ್ನು ತೊಟ್ಟಿಗೆ ಬಗ್ಗಿಸಿದ. ಬೋರಮ್ಮ, ಸುಧೀಂದ್ರ ಇಬ್ಬರೂ ಕಾದು ನಿಂತಿದ್ದರು. ಮೀನು ನೀರಿಗೆ ಬಿದ್ದದ್ದೇ ತಡ, ಮೂಲೆಯಲ್ಲಿದ್ದದ್ದು ಮುಂದೆ ಬಂದು ಮೊದಲ ಬಾರಿಗೆ ಬಾಯಿ ಬಿಟ್ಟಿತು. ಸಾಸಿವೆ ಚೆಲ್ಲಿದ ಹಾಗೆ ಬಾಯಿಂದ ಮರಿಗಳು ಹೊರಬಂದವು.

"ಅಯ್ಯೋ ಶಿವನೇ, ಬಾಯಲ್ಲೇ ಹೆರಿಗೆ ಆಯ್ತಲ್ಲೋ!" ಬೋರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು.

ಸುಧೀಂದ್ರ ಮೊಬೈಲ್ ಉಜ್ಜಿ ಉಜ್ಜಿ ಓದಿದರು. "ಅಮ್ಮಾ, ಇದು ಗಂಡೇ ಅಂತೆ. ಹೆಣ್ಣು ಮೊಟ್ಟೆ ಇಟ್ಟು ತನ್ ಪಾಡಿಗೆ ಹೋಗತ್ತಂತೆ. ಮೊಟ್ಟೆನೆಲ್ಲ ಬಾಯಲ್ಲಿಟ್ಕೊಂಡು, ಊಟ ಬಿಟ್ಟು, ಮರಿ ಆಗೋವರೆಗೂ ಹೊತ್ಕೊಂಡು ತಿರುಗೋದು ಅಪ್ಪನಂತೆ."

"ಗಂಡಸಾ? ಗಂಡಸಿಗಾ ನಾನು ಮಾವಿನಕಾಯಿ ಕೊಟ್ಟಿದ್ದು?"

ವೆಂಕಟಗಿರಿ ಗಾಜಿಗೆ ಮುಖ ಹತ್ತಿರ ತಂದ. ಗಂಡು ಮೀನು ಬಡಕಲಾಗಿತ್ತು, ಕಣ್ಣಲ್ಲಿ ನಿದ್ದೆಯಿಲ್ಲದವನ ಕಳೆ. ಹೊತ್ತು ಮುಳುಗುವುದರೊಳಗೆ ಇದನ್ನೇ ಈಗ ಹಿಡಿದು ಆಚೆ ಹಾಕಬೇಕು. ಜರಡಿ ಕೈಯಲ್ಲೇ ಇತ್ತು. ಮರಿಗಳು ಅಪ್ಪನ ಗದ್ದದ ಕೆಳಗೆ ಗುಂಪಾಗಿ ನಿಂತಿದ್ದವು.

"ನನ್ ಕೈಲಾಗಲ್ಲ," ಎಂದು ಜರಡಿ ಕೆಳಗಿಟ್ಟ. "ಸಂಸಾರ ಇಟ್ಕೊಂಡಿರೋನ್ನ ಎಬ್ಬಿಸೋದು ನನ್ ಕೈಲಾಗಲ್ಲಮ್ಮ. ಓನರ್ ಏನ್ ಬೇಕಾದ್ರೂ ಮಾಡ್ಲಿ."

ಕತ್ತಲಾಗುವ ಹೊತ್ತಿಗೆ ನಾಗರಾಜು ಬಂದರು. ತೊಟ್ಟಿ ನೋಡಿದರು, ಮೊಬೈಲಿನಲ್ಲಿ ವಿಡಿಯೋ ಹಿಡಿದು, ಯಾರಿಗೋ ಫೋನ್ ಹಚ್ಚಿಕೊಂಡು ಹೊರಗೆ ಹೋದರು. ವೆಂಕಟಗಿರಿ ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. ನಾಗರಾಜು ಓಡಿಬಂದು ಅವನನ್ನು ತಬ್ಬಿಕೊಂಡರು.

"ಎಂಥಾ ಕೆಲ್ಸ ಮಾಡಿದ್ರಿ! ವಾಸ್ತುನವ್ರಿಗೆ ವಿಡಿಯೋ ಕಳಿಸ್ದೆ. ಮರಿ ಆದ್ಮೇಲೆ ಗಂಡನ್ನ ಅಲ್ಲಾಡಿಸ್ಲೇಬಾರ್ದಂತೆ. ಮೀನು ಹೆಚ್ಚಿದಷ್ಟೂ ಲಕ್ಷ್ಮಿ ಅಂತೆ! ನೀವು ಕಳಿಸ್ಬಿಟ್ಟಿದ್ರೆ ನನ್ ಗತಿ ಏನಾಗ್ತಿತ್ತು?"

ಬೆಳಗಿನಿಂದ ಮೊದಲ ಸಲ ವೆಂಕಟಗಿರಿಯ ಜೀವ ಹಗುರಾಯಿತು. "ಹಂಗಾದ್ರೆ ಸಾರ್, ಅಗ್ರಿಮೆಂಟು..."

"ಹ್ಞಾ, ಅದೇ. ಮರಿ ದೊಡ್ಡವಾದ್ರೆ ಕಚ್ಚಾಡ್ತವಂತೆ, ಒಂದೊಂದಕ್ಕೂ ಬೇರೆ ತೊಟ್ಟಿ ಬೇಕು. ಕೆಳಗೆ ಜಾಗ ಎಲ್ಲಿದೆ ಹೇಳಿ? ಮಹಡಿ ಮನೇಲೇ ಇಡ್ಸೋಣ ಅಂತ. ನಿಮ್ಮ ಅಗ್ರಿಮೆಂಟೂ ಮುಗೀತಾ ಬಂತಲ್ಲ!" ಬೆನ್ನು ತಟ್ಟಿದರು. "ಎಲ್ಲೇ ಮನೆ ಮಾಡಿದ್ರೂ ಭಾನುವಾರ ಬಂದು ಇವನ್ನ ನೋಡ್ಕೊಂಡ್ ಹೋಗ್ಬೇಕು ನೀವು. ಮೀನಿನ ವಿಷ್ಯ ನಿಮ್ಮಷ್ಟು ತಿಳ್ಕೊಂಡೋರಿಲ್ಲ."

ಮೇಲೆ ಸತ್ಯವತಿ ಶಾವಿಗೆ ಪಾಯಸ ಮಾಡಿದ್ದಳು. ಓನರ್ ಗಂಡನನ್ನು ತಬ್ಬಿಕೊಂಡದ್ದನ್ನು ಮೆಟ್ಟಿಲ ಮೇಲಿನಿಂದ ಕಣ್ಣಾರೆ ಕಂಡಿದ್ದಳು. "ಅಂತೂ ಈ ಮನೆ ನಮಗೆ ಗಟ್ಟಿ ಆಯ್ತು," ಎಂದು ಇನ್ನೊಂದು ಸೌಟು ಬಡಿಸಿದಳು. ಮಗಳು ಅಪ್ಪನ ಪಕ್ಕಕ್ಕೆ ಒತ್ತಿಕೊಂಡು ಕೂತಳು.

ವೆಂಕಟಗಿರಿ ಒಂದು ತುತ್ತು ಬಾಯಿಗಿಟ್ಟ. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ.

"ಏನ್ರೀ ಅದು, ಗದ್ದ ಊದಿಸ್ಕೊಂಡು ಕೂತಿದೀರಾ? ಊಟ ಸೇರ್ತಿಲ್ವಾ? ಬಾಯಲ್ಲಿ ಏನಿಟ್ಕೊಂಡಿದೀರಾ, ಹೇಳ್ಬಾರ್ದಾ?"

ವೆಂಕಟಗಿರಿ ಬಾಯಿ ಬಿಡಲಿಲ್ಲ.