ದೊರೆಸಾನಿಯ ಹಿಂದಿನ ದಿನದ ತರಕಾರಿ

ಅಡುಗೆಯವನ ಬಾಳಿನಲ್ಲಿ ನಗೆಯ ಪ್ರಸಂಗಗಳಿಗೆ ಬರವಿಲ್ಲ, ವರ್ಷಕ್ಕೆ ಒಂದಾದರೂ ಹುಡುಕಿಕೊಂಡು ಬರುತ್ತದೆ. ನಗುವವರು ಮಾತ್ರ ಯಾವಾಗಲೂ ಊಟದ ಮೇಜಿನ ಹತ್ತಿರ ಇರುತ್ತಾರೆ, ನಾವು ಒಲೆಯ ಹತ್ತಿರ ಇರುತ್ತೇವೆ. ಈಗ ನನಗೆ ವಯಸ್ಸಾಗಿದೆ. ರಾಜಾಜಿನಗರದ ಮಗಳ ಮನೆಯಲ್ಲಿ ಮೂರು ಹೊತ್ತೂ ಕೂತು ಉಣ್ಣುತ್ತೇನೆ. ಇನ್ನಾದರೂ ನಾನೂ ನಗಬೇಕು ಎಂದು ಪ್ರಯತ್ನ ಪಡುತ್ತಿದ್ದೇನೆ.

ಐವತ್ತರ ದಶಕದ ಮಾತು. ಮಾಗಡಿ ರಸ್ತೆಯ ಕಡೆ ಒಂದು ಗಿರಣಿ, ಅದರ ಮ್ಯಾನೇಜರು ಇಂಗ್ಲಿಷ್ ದೊರೆ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷಗಳಾಗಿದ್ದವು, ಆ ಸುದ್ದಿ ಬಂಗಲೆಯ ಕಾಂಪೌಂಡಿನ ಒಳಗೆ ಇನ್ನೂ ಬಂದಿರಲಿಲ್ಲ. ಮಾಂಸದ ಅಡುಗೆಗೆ ದಂಡಿನ ಕಡೆಯ ಹಳೆಯ ಬಟ್ಲರ್ ಒಬ್ಬ ಇದ್ದ. ನಾನು ಲಿಂಗ ಕಟ್ಟಿದವನು, ಮಾಂಸ ಬೇಯಿಸಿದ ಪಾತ್ರೆಯನ್ನೂ ಮುಟ್ಟುವವನಲ್ಲ. ಹಾಗಾಗಿ ನನ್ನ ಪಾಲಿಗೆ ಬಂದದ್ದು ತರಕಾರಿ.

ಬಂಗಲೆಯ ಹಿಂದೆ ಎರಡು ಕೋಣೆಗಳಿದ್ದವು. ದೊರೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾ ಅಲ್ಲಿದ್ದಳು. ಮಕ್ಕಳು ಓದಲು ವಿಲಾಯಿತಿಗೆ ಹೋದರು, ಆಯಾ ಕೆಲಸ ಬಿಟ್ಟಳು, ಕೋಣೆಗಳಿಗೆ ಬೀಗ ಬಿತ್ತು. ನಾನು ಅಡುಗೆಮನೆಯ ಹಿಂದಿನ ವರಾಂಡದಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆ. ಹೆಂಡತಿ, ಇಬ್ಬರು ಮಕ್ಕಳು ಕೆಂಗೇರಿಯಲ್ಲಿ ಅವಳ ಅಣ್ಣನ ಮನೆಯಲ್ಲಿದ್ದರು. ಅತ್ತಿಗೆ ಒಳ್ಳೆಯವಳೇ. ಆದರೆ ಒಳ್ಳೆಯತನಕ್ಕೂ ಒಂದು ಮಿತಿ ಇದೆ, ಅದನ್ನು ಆಕೆ ದಿನಾ ಸಂಜೆ ಪಾತ್ರೆ ಕುಕ್ಕಿ ತಿಳಿಸುತ್ತಿದ್ದಳು. ಆ ಎರಡು ಕೋಣೆ ಸಿಕ್ಕರೆ ನಾವು ನಾಲ್ವರೂ ಒಂದೇ ಸೂರಿನಡಿ ಇರಬಹುದಿತ್ತು. ನನಗೆ ಬೇಕಾಗಿದ್ದು ಅಷ್ಟೇ, ಬೇರೆ ಏನೂ ಅಲ್ಲ.

ಧೈರ್ಯ ಮಾಡಿ ದೊರೆಸಾನಿಯನ್ನು ಕೇಳಿದೆ. ಕ್ರಿಸ್‌ಮಸ್ ಊಟ ಚೆನ್ನಾಗಿ ನಡೆಯಲಿ, ಆಮೇಲೆ ಕೊಡೋಣ ಎಂದರಂತೆ. ಹಾಗೆಂದು ಬಟ್ಲರ್ ಕನ್ನಡದಲ್ಲಿ ಹೇಳಿದ. ಯಾವ ವರ್ಷದ ಕ್ರಿಸ್‌ಮಸ್ ಎಂದು ನಾನು ಕೇಳಲಿಲ್ಲ. ಅದು ನನ್ನದೇ ತಪ್ಪು.

೧. ತಂಗಳು

ಮೊದಲ ವರ್ಷ ದೊರೆಸಾನಿ ಕ್ರಮ ಹೇಳಿಕೊಟ್ಟರು. ಆಲೂಗಡ್ಡೆ, ಕ್ಯಾರೆಟ್ಟು, ನೂಲ್‌ಕೋಲು, ಈರುಳ್ಳಿ ಹೆಚ್ಚಿ, ಅರ್ಧ ಬೇಯಿಸಿ, ಬೆಣ್ಣೆ ಸವರಿ, ಕಬ್ಬಿಣದ ಒಲೆಯ ಗೂಡಿನೊಳಗೆ ಮುಕ್ಕಾಲು ಭಾಗ ಹುರಿದಿಡಬೇಕು. ಇದೆಲ್ಲ ಹಬ್ಬದ ಹಿಂದಿನ ದಿನವೇ ಆಗಬೇಕು. ಹಬ್ಬದ ಮಧ್ಯಾಹ್ನ ಸ್ವಲ್ಪ ಹೊತ್ತು ಮತ್ತೆ ಬಿಸಿ ಮಾಡಿ ಬಡಿಸುವುದು.

ನಮ್ಮ ಮನೆಯಲ್ಲಿ ನಿನ್ನೆ ಬೆಂದದ್ದು ತಂಗಳು. ಅದನ್ನು ಮನೆಯವರು ಬೆಳಿಗ್ಗೆ ಉಪ್ಪಿನಕಾಯಿ ನೆಂಚಿಕೊಂಡು ತಿಂದು ಮುಗಿಸಬಹುದು. ಕರೆದು ಕೂರಿಸಿದ ನೆಂಟರ ಎಲೆಗೆ, ಅದೂ ಹಬ್ಬದ ದಿನ, ತಂಗಳು ಬಡಿಸಿದರೆ ಆ ಮನೆಯ ಮಾನ ಉಳಿಯುವುದಿಲ್ಲ. ದೊರೆಸಾನಿಗೆ ಇದು ಗೊತ್ತಿಲ್ಲ, ಪಾಪ, ಹೇಳಿಕೊಡುವ ಹಿರಿಯರು ಮನೆಯಲ್ಲಿ ಇಲ್ಲ ಎಂದುಕೊಂಡೆ.

ಹಿಂದಿನ ದಿನ ಅವರ ಕಣ್ಣೆದುರಿಗೆ ಎಲ್ಲ ಮಾಡಿಟ್ಟೆ. ಹಬ್ಬದ ಬೆಳಿಗ್ಗೆ ಅದಷ್ಟನ್ನೂ ಮಾಲಿಯ ಹಸುವಿಗೆ ಹಾಕಿ, ಹೊಸದಾಗಿ ಹೆಚ್ಚಿ ಹುರಿಯಲು ಕೂತೆ. ಮನೆಗೆ ಇದ್ದದ್ದು ಒಂದೇ ಒಲೆ. ಅದರ ಗೂಡಿನಲ್ಲಿ ನನ್ನ ತಟ್ಟೆಗಳು ತುಂಬಿದ್ದಾಗ ಬಟ್ಲರ್ ಬಾತುಕೋಳಿ ಹಿಡಿದುಕೊಂಡು ಬಂದು ನಿಂತ. ಹಿಂದಿನ ದಿನವೇ ಹುರಿಯುವುದು ಏಕೆ ಎಂದು ನನಗೆ ಆಗ ಅರ್ಥವಾಯಿತು. ಒಂದು ಗಂಟೆಯ ಊಟ ನಾಲ್ಕು ಗಂಟೆಗೆ ಆಯಿತು.

ಅಷ್ಟು ಹೊತ್ತೂ ಬಂದವರು ಕುಡಿಯುತ್ತಾ ನನ್ನ ತರಕಾರಿಯನ್ನೇ ತಿಂದು ಖಾಲಿ ಮಾಡಿದರು, ಇಂಥದ್ದು ಎಲ್ಲೂ ತಿಂದಿಲ್ಲ ಎಂದರು. ಗುಟ್ಟು ಇಷ್ಟೇ, ಒಂದು ದಿನ ಮುಂಚೆ ಹುರಿದಿಟ್ಟರೆ ರುಚಿ ಹೀಗೆ ಕೂಡಿಕೊಳ್ಳುತ್ತದೆ ಎಂದು ದೊರೆಸಾನಿ ಎಲ್ಲರಿಗೂ ವಿವರಿಸಿದರು. ಬಾತುಕೋಳಿ ತಡವಾದದ್ದಕ್ಕೆ ಮಾತ್ರ ನನ್ನನ್ನು ಕರೆಸಿ, ಕೋಣೆಯ ಮಾತು ಮುಂದಿನ ವರ್ಷಕ್ಕೆ ಎಂದರು. ಒಂದು ದಿನ ಮುಂಚೆ ಹುರಿದದ್ದನ್ನು ತಿಂದವಳು ಮಾಲಿಯ ಹಸು ಒಬ್ಬಳೇ, ರುಚಿ ಹೇಗಿತ್ತು ಎಂದು ಅವಳನ್ನು ಯಾರೂ ಕೇಳಲಿಲ್ಲ.

೨. ಬಾತಿನ ಕೊಬ್ಬು

ಎರಡನೆಯ ವರ್ಷ ಹೇಳಿದ ಮಾತು ಮೀರಲಿಲ್ಲ. ಹಿಂದಿನ ದಿನವೇ ಹುರಿದು ಜಾಲರಿ ಬೀರುವಿನಲ್ಲಿಟ್ಟೆ. ಅವರ ಕಡೆ ತರಕಾರಿಯನ್ನು ಬಾತುಕೋಳಿಯ ಕೊಬ್ಬಿನಲ್ಲಿ ಹುರಿಯುವುದು ಪದ್ಧತಿ. ನಾನು ಅದನ್ನು ಮುಟ್ಟುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗಲೇ ಹೇಳಿದ್ದೆ. ನನ್ನ ಹೆಂಡತಿ ಕೆಂಗೇರಿಯಲ್ಲಿ ಅಣ್ಣನ ಮನೆಯ ಹಸುವಿನ ಮೊಸರು ಕಡೆದು ಬೆಣ್ಣೆ ತೆಗೆದು, ಬಾಳೆಲೆಯಲ್ಲಿ ಸುತ್ತಿ ಕಳಿಸಿದ್ದಳು. ಆ ಬೆಣ್ಣೆಗೆ ಅತ್ತಿಗೆ ಎಷ್ಟು ಮಾತಾಡಿರಬೇಕು ಎಂದು ನಾನು ಊಹಿಸಬಲ್ಲೆ.

ಊಟಕ್ಕೆ ಒಬ್ಬ ಮುದಿ ಕರ್ನಲ್ ಬಂದಿದ್ದರು. ಆಲೂಗಡ್ಡೆ ಬಾಯಿಗಿಟ್ಟು ಕಣ್ಣು ಮುಚ್ಚಿದರಂತೆ. ಊರು ಬಿಟ್ಟ ಮೇಲೆ ಇಂಥ ರುಚಿ ಸಿಕ್ಕಿರಲಿಲ್ಲ, ಇದು ಅಪ್ಪಟ ಬಾತಿನ ಕೊಬ್ಬು, ಬೇರೆ ಯಾವುದಕ್ಕೂ ಈ ಪರಿಮಳ ಬರುವುದಿಲ್ಲ ಎಂದರು. ಬಟ್ಲರನ್ನು ಒಳಗೆ ಕರೆಸಿ ಕೈ ಕುಲುಕಿದರು. ಬಟ್ಲರ್ ಕುಲುಕಿಸಿಕೊಂಡು ಬಂದ.

ನಾನು ಅವನನ್ನು ತರಾಟೆಗೆ ತೆಗೆದುಕೊಂಡೆ. ಬೆಣ್ಣೆ ಎಂದು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದೆ. ಅವನಿಗೆ ಬೇಸರವೇನೂ ಆಗಲಿಲ್ಲ. "ದೊರೆಗಳು ಹೊಗಳ್ತಾ ಇರೋವಾಗ ನಡುವೆ ಬಾಯಿ ಹಾಕ್ಬಾರ್ದು ತಂಬಿ. ಅಲ್ಲಿಗೇ ನಿಲ್ಲಿಸಿಬಿಡ್ತಾರೆ" ಎಂದ.

ಸಂಜೆ ದೊರೆಸಾನಿ ನನ್ನನ್ನು ಕರೆದರು. ನಾನು ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಹೋದೆ, ಬೀಗದ ಕೈ ಕೊಡುತ್ತಾರೆ ಎಂಬ ನಂಬಿಕೆಯಲ್ಲಿ. ನೀನು ಹಟ ಬಿಟ್ಟು ಕೊಬ್ಬು ಬಳಸಿದ್ದು ನನಗೆ ಬಹಳ ಸಂತೋಷ, ಮುಂದಿನ ವರ್ಷದೊಳಗೆ ಮಾಂಸದ ಅಡುಗೆಯನ್ನೂ ಕಲಿತುಬಿಡು, ಆಮೇಲೆ ಕೋಣೆ ಕೊಡೋಣ ಎಂದರು.

೩. ಒಗ್ಗರಣೆ

ಮೂರನೆಯ ವರ್ಷ ಹಬ್ಬದ ಬೆಳಿಗ್ಗೆ ನನ್ನ ಹೆಂಡತಿಯೇ ಕೆಂಗೇರಿಯಿಂದ ಬಂದಳು. ಕೋಣೆಗಳನ್ನು ಹೊರಗಿನಿಂದಾದರೂ ಒಮ್ಮೆ ನೋಡಬೇಕು ಎಂಬ ಆಸೆ ಅವಳಿಗೆ. ಕಿಟಕಿಯ ಸಂದಿಯಿಂದ ಇಣುಕಿ, ಒಲೆ ಎಲ್ಲಿ ಹಾಕುವುದು, ತೊಟ್ಟಿಲ ಹಗ್ಗ ಯಾವ ತೊಲೆಗೆ ಕಟ್ಟುವುದು ಎಂದೆಲ್ಲ ಗೊತ್ತುಮಾಡಿದಳು. ಅಷ್ಟರಲ್ಲಿ ದೊರೆಸಾನಿ ನನ್ನನ್ನು ಬೇಕರಿಯಿಂದ ಕೇಕು ತರಲು ಓಡಿಸಿದರು. ಬಟ್ಲರ್ ಮೇಜು ಅಣಿಮಾಡುತ್ತಿದ್ದ. ಹೆಂಡತಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಹೋದೆ.

ಅವಳು ಹಿಂದಿನ ದಿನ ಮಾಡಿಟ್ಟ ತರಕಾರಿಯ ಮುಚ್ಚಳ ತೆಗೆದು ನೋಡಿದಳು. ಒಂದು ಚೂರು ಬಾಯಿಗೆ ಹಾಕಿಕೊಂಡಳು. ಉಪ್ಪು ಸಾಲದು, ಖಾರ ಇಲ್ಲ, ಹುಳಿ ಇಲ್ಲ, ಸರಿಯಾಗಿ ಬೆಂದೂ ಇಲ್ಲ. ಗಂಡ ಕೆಲಸದ ಅವಸರದಲ್ಲಿ ಅಡುಗೆ ಕೆಡಿಸಿಟ್ಟಿದ್ದಾನೆ, ಕೋಣೆ ಕೈತಪ್ಪುವುದು ಖಂಡಿತ ಎಂದು ಅವಳಿಗೆ ಗಾಬರಿಯಾಯಿತು. ನನಗಾಗಿ ಬೆಣ್ಣೆಯ ಜೊತೆ ತಂದಿದ್ದ ಸಾರಿನ ಪುಡಿ, ಸಾಸಿವೆ, ಇಂಗು, ಕರಿಬೇವು, ಅರ್ಧ ತೆಂಗಿನಕಾಯಿ ಅವಳ ಚೀಲದಲ್ಲೇ ಇದ್ದವು.

ಕೇಕು ಹಿಡಿದು ಬರುವಾಗ ಗೇಟಿನಲ್ಲೇ ನನಗೆ ಸಾಸಿವೆ, ಇಂಗಿನ ಘಮ ಬಡಿಯಿತು. ಒಳಗೆ ಹೋಗಿ ನೋಡಿದರೆ ದೊರೆಸಾನಿಯ ಅಷ್ಟೂ ತರಕಾರಿ ಕಾಯಿತುರಿ ಹಾಕಿದ ಪಲ್ಯವಾಗಿ ಬೆಳ್ಳಿಯ ತಟ್ಟೆಯಲ್ಲಿ ಕೂತಿತ್ತು. ಹೊಸದಾಗಿ ಮಾಡಲು ಮನೆಯಲ್ಲಿ ಒಂದು ಈರುಳ್ಳಿಯೂ ಉಳಿದಿರಲಿಲ್ಲ. ಅವಳು ನನ್ನ ಮುಖ ನೋಡಿ ಹೆದರಿದಳು.

"ಕೆಡಿಸಿಬಿಟ್ನೇನ್ರೀ?"

"ಇಲ್ಲ ಕಣೇ. ಈ ಮನೇಲಿ ಮೊದಲನೇ ಸಲ ಅಡುಗೆ ಅಂತ ಆಗಿದೆ. ಅದೇ ಈಗ ಕಷ್ಟ."

ಊಟದ ಮನೆಯಲ್ಲಿ ಕರ್ನಲ್ ಕೆಮ್ಮಿದರು. ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡು ನೀರು ಕೇಳಿದರು. ನಿನ್ನ ಸಂಸಾರ ಈ ಕಾಂಪೌಂಡಿಗೆ ಬಂದರೆ ನನಗೆ ದಿನಾ ಇದೇ ಗತಿ ಎಂದು ದೊರೆಸಾನಿ ಬಾಗಿಲಲ್ಲಿ ನಿಂತು ಹೇಳಿದರು. ಹೆಂಡತಿಗೆ ಇಂಗ್ಲಿಷ್ ಬರದಿದ್ದರೂ ಅದು ಅರ್ಥವಾಯಿತು, ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಕೈ ಮುಗಿದು, ಇನ್ನೊಂದೇ ಒಂದು ಕ್ರಿಸ್‌ಮಸ್ ನೋಡಿ ಎಂದು ಬೇಡಿಕೊಂಡೆ. ಆ ದಿನ ನೆನೆದರೆ ನನಗೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಮೇಲೆ ಒಂದು ಘಟನೆ ನಡೆಯಿತು. ಆ ದಿನದ ಅತಿಥಿಗಳಲ್ಲಿ ನಮ್ಮವರೇ ಒಬ್ಬರು ದೊಡ್ಡ ಸರ್ಕಾರಿ ಅಧಿಕಾರಿ ಇದ್ದರು. ಸೂಟು, ಬೂಟು, ಕನ್ನಡ ಬರುವುದೇ ಇಲ್ಲವೇನೋ ಎಂಬಂಥ ಮುಖ. ಕೈ ತೊಳೆಯುವ ನೆಪದಲ್ಲಿ ಅವರು ಹಿಂದಿನ ಬಾಗಿಲಿಗೆ ಬಂದು, ಆಚೀಚೆ ನೋಡಿ, ಅಳುತ್ತಿದ್ದ ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದರು: "ತಾಯಿ, ಒಂದ್ ತುತ್ತು ಮೊಸರನ್ನ ಇದ್ರೆ ಹಾಕ್ತೀರಾ? ಪಲ್ಯ ಇನ್ನೂ ಸ್ವಲ್ಪ ಉಳಿಸಿಕೊಂಡಿದೀನಿ."

೪. ಬೀಗದ ಕೈ

ನಾಲ್ಕನೆಯ ವರ್ಷ ಜಾಲರಿ ಬೀರುವಿನ ತುಂಬ ಮಾಂಸ. ನನ್ನ ತಟ್ಟೆಗಳನ್ನು ಅದರ ಮಗ್ಗುಲಲ್ಲಿ ಇಡಲು ಮನಸ್ಸು ಒಪ್ಪಲಿಲ್ಲ, ಹೊರಗಿಟ್ಟರೆ ಇರುವೆ. ಒಂದು ದಿನದ ಮಟ್ಟಿಗೆ ಹಿಂದಿನ ಕೋಣೆಗಳ ಬೀಗದ ಕೈ ಕೊಡಿ ಎಂದು ದೊರೆಸಾನಿಯನ್ನು ಕೇಳಿದೆ. ಕೊಟ್ಟರು.

ಬಾಗಿಲು ತೆಗೆದು ಮೊದಲ ಸಲ ಒಳಗೆ ಕಾಲಿಟ್ಟೆ. ಉತ್ತರಕ್ಕೆ ಕಿಟಕಿ, ಕೆಳಗೆ ಕಲ್ಲುಚಪ್ಪಡಿ, ಮೇಲೆ ಹೊಂಗೆಯ ಮರದ ನೆರಳು. ಡಿಸೆಂಬರಿನ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತಿತ್ತು. ಮಕ್ಕಳು ಇಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತವೆ ಎಂದುಕೊಂಡು ತಟ್ಟೆಗಳನ್ನು ಸಾಲಾಗಿ ಇಟ್ಟು, ಬಿಳಿ ಬಟ್ಟೆ ಹೊದಿಸಿ ಬಂದೆ.

ಆ ತಂಪಿಗೆ ತರಕಾರಿಯ ಪಸೆಯೆಲ್ಲ ಆರಿತ್ತು. ಮರುದಿನ ಒಲೆಗೆ ಹಾಕಿದರೆ ಆಲೂಗಡ್ಡೆಯ ಮೇಲ್ಪದರ ಸಂಡಿಗೆಯಂತೆ ಗರಿಗರಿ, ಒಳಗೆ ಬೆಣ್ಣೆ. ಊಟ ಒಂದು ಗಂಟೆಗೆ ಸರಿಯಾಗಿ ಆಯಿತು. ಮೇಜಿನ ಸುತ್ತ ಚಪ್ಪಾಳೆ ಬಿತ್ತು, ಈ ಸಲ ಬಟ್ಲರನ್ನು ಯಾರೂ ಕರೆಯಲಿಲ್ಲ. ದೊರೆಸಾನಿ ತಾವೇ ಅಡುಗೆಮನೆಗೆ ಬಂದು, ಇದು ಹೇಗೆ ಮಾಡಿದೆ ಎಂದು ಕೇಳಿದರು.

ನಾನು ಸುಳ್ಳು ಹೇಳಬಹುದಿತ್ತು. ಕೈಗುಣ ಎನ್ನಬಹುದಿತ್ತು. ನಾನು ಸತ್ಯ ಹೇಳಿದೆ. ಆ ಕೋಣೆಗಳ ಗುಣ ಅಮ್ಮಾ, ಇಡೀ ಬಂಗಲೆಯಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿಲ್ಲ ಎಂದು ಬಟ್ಲರ್ ಬಾಯಲ್ಲಿ ಹೇಳಿಸಿದೆ. ಕೋಣೆಗಳನ್ನು ಹೊಗಳಿದರೆ ಕೊಡುವ ಮನಸ್ಸು ಬಂದೀತು ಎಂಬುದು ನನ್ನ ಲೆಕ್ಕಾಚಾರ. ದೊರೆಸಾನಿಯ ಮುಖ ಅರಳಿತು. ನಾನು ಹಿಂತಿರುಗಿಸಲು ಹೋದ ಬೀಗದ ಕೈಯನ್ನು ನನ್ನ ಅಂಗೈಯಲ್ಲೇ ಇಟ್ಟು ಬೆರಳು ಮಡಿಸಿದರು. ಇನ್ನು ಮೇಲೆ ಇದು ನಿನ್ನ ಹತ್ತಿರವೇ ಇರಲಿ ಎಂದರು.

ಅವತ್ತೇ ಕೆಂಗೇರಿಗೆ ಕಾರ್ಡು ಬರೆದು ಹಾಕಿದೆ. ಬೀಗದ ಕೈ ಸಿಕ್ಕಿದೆ, ಮಕ್ಕಳನ್ನು ಕರೆದುಕೊಂಡು ಬಂದುಬಿಡು ಎಂದು.

ಎರಡು ದಿನ ಕಳೆದ ಮೇಲೆ ಬಡಗಿ ಬಂದ. ನಮ್ಮ ಪಾತ್ರೆ ಪಡಗ ಇಡಲು ಹಲಗೆ ಹೊಡೆಸುತ್ತಿದ್ದಾರೆ ಎಂದು ನಾನು ದೊರೆಸಾನಿಯ ದೊಡ್ಡ ಮನಸ್ಸಿಗೆ ಕೈ ಮುಗಿದೆ. ಬಡಗಿ ಎರಡೂ ಕೋಣೆಗಳಿಗೆ ನೆಲದಿಂದ ಸೂರಿನವರೆಗೆ ಹಲಗೆ ಹೊಡೆದ, ನಿಲ್ಲಲು ಒಬ್ಬರಿಗೆ ಮಾತ್ರ ಜಾಗ ಬಿಟ್ಟ. ಆಮೇಲೆ ಬಟ್ಲರ್ ಹೊಸ ವರ್ಷದ ಊಟದ ಪಟ್ಟಿ ತಂದು ಕೊಟ್ಟ. ಈ ಸಲ ಬರುವವರು ದುಪ್ಪಟ್ಟು. ಇನ್ನು ಮುಂದೆ ಎಲ್ಲ ದೊಡ್ಡ ಊಟಕ್ಕೂ ತರಕಾರಿ ಹಿಂದಿನ ದಿನವೇ ಹುರಿದು ಈ ಕೋಣೆಗಳಲ್ಲಿ ಇಡಬೇಕು, ಬೇರೆ ಯಾವುದಕ್ಕೂ ಇವನ್ನು ಬಳಸಬಾರದು, ಬೀಗದ ಕೈಗೆ ನಾನೇ ಜವಾಬ್ದಾರಿ.

ಹೆಂಡತಿಗೆ ಇನ್ನೊಂದು ಕಾರ್ಡು ಬರೆಯಲು ನನಗೆ ಕೈ ಬರಲಿಲ್ಲ. ವರ್ಷದ ಕೊನೆಯ ದಿನ ಅವಳು ಬಂದಳು. ತಲೆಯ ಮೇಲೆ ಹಾಸಿಗೆ ಗಂಟು, ಎರಡು ಕೈಯಲ್ಲಿ ಇಬ್ಬರು ಮಕ್ಕಳು, ದೊಡ್ಡವಳ ಕೈಯಲ್ಲಿ ಹೊಸ ಮನೆಯಲ್ಲಿ ಉಕ್ಕಿಸಲು ಒಂದು ತಂಬಿಗೆ ಹಾಲು. ನಾನು ಬಾಗಿಲು ತೆಗೆದೆ. ಹಲಗೆ ಹಲಗೆಯ ಮೇಲೆ ಆಲೂಗಡ್ಡೆ, ಕ್ಯಾರೆಟ್ಟು, ನೂಲ್‌ಕೋಲು ಬಿಳಿ ಬಟ್ಟೆ ಹೊದ್ದು ಸಾಲಾಗಿ ಮಲಗಿದ್ದವು.

ಅವಳು ಬಯ್ಯುತ್ತಾಳೆ ಎಂದು ಕಾದೆ. ಗೃಹಪ್ರವೇಶಕ್ಕೆಂದು ತಂದ ಹಾಲನ್ನು ಹಿಂದಕ್ಕೆ ಒಯ್ಯಬಾರದು ಎಂದು, ಅಂಗಳದಲ್ಲಿ ಮೂರು ಕಲ್ಲು ಹೂಡಿ, ತಂಬಿಗೆಯ ಹಾಲನ್ನು ಉಕ್ಕಿಸಿದಳು. ಮಕ್ಕಳಿಗೆ ಎರಡೆರಡು ಗುಟುಕು ಕೊಟ್ಟು, ಉಳಿದದ್ದನ್ನು ಹೊಸಿಲ ಮೇಲಿಟ್ಟು, ಒಳಗಿನ ತಟ್ಟೆಗಳಿಗೆ ಕೈ ಮುಗಿದು ಹೇಳಿದಳು:

"ನೀವಾದ್ರೂ ಸುಖವಾಗಿರ್ರಪ್ಪ."