ಹನ್ನೊಂದನೆಯ ಸಹಿ

ಸ್ವಿಲೆನ್ ಆ ಲಕೋಟೆಗೆ ಹೆಜ್ಜಾರ್ಲೆ ಹಕ್ಕಿಯ ಅಂಚೆಚೀಟಿ ಅಂಟಿಸಬಾರದಿತ್ತು. ಸಾದಾ ಚೀಟಿಯೇ ಸಾಕಾಗಿತ್ತು. ಆದರೆ ತನ್ನ ವಿಳಾಸ ಬರೆದು ಒಳಗಿಡುವ ವಾಪಸು ಲಕೋಟೆಗೆ ಚೆಂದದ ಚೀಟಿ ಅಂಟಿಸಿದರೆ ಹಳೆಯ ಆಟಗಾರರಿಗೆ ಮರ್ಯಾದೆ ಕೊಟ್ಟಂತೆ, ಬೇಗ ಸಹಿ ಹಾಕಿ ಕಳಿಸುತ್ತಾರೆ ಎಂದು ಅವನ ನಂಬಿಕೆ. ಹತ್ತು ಜನ ಹಾಗೆಯೇ ಕಳಿಸಿದ್ದರು ಕೂಡ.

ಡ್ಯಾನ್ಯೂಬ್ ದಂಡೆಯ ಆ ಊರಿನ ಬಂದರು ತಂಡ ಎಪ್ಪತ್ತೊಂಬತ್ತರಲ್ಲಿ ಕಪ್ ಗೆದ್ದಿತ್ತು. ಮುಂಚೆ ಗೆದ್ದಿರಲಿಲ್ಲ, ಆಮೇಲೂ ಗೆಲ್ಲಲಿಲ್ಲ. ಆ ವರ್ಷ ಊರಿನ ವೇಫರ್ ಬಿಸ್ಕತ್ತಿನ ಕಾರ್ಖಾನೆ ಹನ್ನೊಂದು ಫುಟ್‌ಬಾಲ್ ಆಟಗಾರರ ಕಾರ್ಡು ಅಚ್ಚು ಹಾಕಿಸಿ ಪೊಟ್ಟಣಕ್ಕೊಂದರಂತೆ ಹಂಚಿತು. ಸ್ವಿಲೆನ್‌ಗೆ ಆಗ ಏಳು ವರ್ಷ. ಈಗ ಐವತ್ಮೂರು, ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ. ಆಲ್ಬಮ್‌ನಲ್ಲಿ ಸಹಿಯಾದ ಹತ್ತು ಕಾರ್ಡುಗಳಿದ್ದವು. ಹನ್ನೊಂದನೆಯ ಜಾಗ ಮಾತ್ರ ಮುಂಬಲ್ಲು ಬಿದ್ದ ಬಾಯಿಯಂತೆ ಅವನನ್ನು ಅಣಕಿಸುತ್ತಿತ್ತು. ಅದು ಗೋಲ್‌ಕೀಪರ್ ವೆಲಿಜಾರ್ ತೋಷ್ಕೊವ್‌ನದು. ಆ ಕಾರ್ಡು ಸಿಗುವುದೇ ಅಪರೂಪ. ತೀರಿಹೋದ ಅಪ್ಪನ ಅಕಾರ್ಡಿಯನ್ ಕೊಟ್ಟು ಅದನ್ನು ಪಡೆದಿದ್ದ. ಇದ್ದ ಒಂದೇ ಪ್ರತಿಯನ್ನು ಅಂಚೆಗೆ ಹಾಕಿದ ಮೇಲೆ ನಾಲ್ಕು ತಿಂಗಳು ಅವನಿಗೆ ನೆಟ್ಟಗೆ ನಿದ್ದೆಯಿಲ್ಲ.

ಶುಕ್ರವಾರ ರಜೆ. ಹತ್ತೂವರೆಗೆ ಕೆಳಗಿಳಿದರೆ ಮೆಟ್ಟಿಲ ಬುಡದಲ್ಲಿ ಅಂಚೆಯ ಗಿಂಕಾ ನಿಂತಿದ್ದಳು.

"ನಿಮ್ಮದೇ ಕೈಬರಹದ ಲಕೋಟೆ ಬಂದಿದೆ ಕಣ್ರೀ. ಅಲ್ಲಾ, ನಿಮಗೆ ನೀವೇ ಕಾಗದ ಬರ್ಕೋತೀರಲ್ಲ, ಬರೆಯೋಕೆ ಬೇರೆ ಯಾರೂ ಇಲ್ವಾ?"

"ಎಲ್ಲಿ? ಎಲ್ಲಿಟ್ರಿ?"

"ಪೆಟ್ಟಿಗೆಗಳ ಬಾಗಿಲೆಲ್ಲ ಮುರಿದಿವೆ, ಇನ್ನೆಲ್ಲಿಡ್ಲಿ? ಯಾವತ್ತಿನ ಹಾಗೆ ಮೆತೋದಿಯವರ ಕಿಟಕಿ ಮೇಲೆ."

ಸ್ವಿಲೆನ್ ಅತ್ತ ಓಡಿದ. ನೆಲಮಹಡಿಯ ಮೆತೋದಿ ಅಂಚೆಚೀಟಿ ಕೂಡಿಸುವ ಒಂಟಿ ಮುದುಕ. ಸ್ವಿಲೆನ್‌ಗೆ ಬರುವ ಲಕೋಟೆಗಳ ಚೀಟಿ ಕೊಡೆಂದು ಹನ್ನೆರಡು ವರ್ಷದಿಂದ ಕೇಳುತ್ತಲೇ ಇದ್ದ. ಲಕೋಟೆಯೂ ಸಂಗ್ರಹಕ್ಕೇ ಸೇರಿದ್ದು ಎಂದು ಸ್ವಿಲೆನ್ ಒಮ್ಮೆಯೂ ಕೊಟ್ಟಿರಲಿಲ್ಲ.

ಮುದುಕನ ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಬೀನ್ಸ್ ಕಾಳಿನ ಸೂಪು ಕುದಿಯುತ್ತಿತ್ತು. ಅದರ ಹಬೆಯ ಮೇಲೆ ಮೆತೋದಿ ಲಕೋಟೆ ಹಿಡಿದು, ಎಳೆಗೂಸಿಗೆ ನೀರು ಹಾಕುವ ಅಜ್ಜಿಯಷ್ಟು ಜೋಪಾನವಾಗಿ, ಅತ್ತಿತ್ತ ಹೊರಳಿಸುತ್ತಿದ್ದ.

"ಅಯ್ಯೋ, ಮೆತೋದಿಯಣ್ಣ! ಏನ್ ಮಾಡ್ತಿದೀರಿ?"

"ಗಾಬರಿ ಬೇಡಪ್ಪ. ಹೆಜ್ಜಾರ್ಲೆ ಬಂತು, ಅಂಚು ಸ್ವಲ್ಪಾನೂ ಹರಿದಿಲ್ಲ ನೋಡು. ಲಕೋಟೆ ನಿಂಗೇ."

ಹಬೆಗೆ ಲಕೋಟೆಯ ಅಂಟೂ ಬಿಟ್ಟಿತ್ತು. ಒಳಗಿನ ಕಾರ್ಡು ಜಾರಿ ಸೂಪಿನ ಕಡೆಗೆ ಬಿತ್ತು. ಮುದುಕನ ಎಡಗೈ ಚಂಗನೆ ಚಾಚಿ ಅದನ್ನು ಗಾಳಿಯಲ್ಲೇ ಹಿಡಿಯಿತು.

ಸ್ವಿಲೆನ್ ಆ ಕೈಯನ್ನು ಗಮನಿಸಲಿಲ್ಲ. ಅವನ ಕಣ್ಣೆಲ್ಲ ಕಾರ್ಡಿನ ಮೇಲೆ. ಕಪ್ಪು ಅಂಗಿಯ, ಗುಂಗುರು ಕೂದಲ ಗೋಲ್‌ಕೀಪರ್‌ನ ಎದೆಯ ಮೇಲೆ ಶಾಯಿ ಹರಡಿ ನೀಲಿ ಮೋಡವಾಗಿತ್ತು. 'ದಯವಿಟ್ಟು ಶಾಯಿ ಪೆನ್ನಿನಲ್ಲೇ ಬರೆಯಿರಿ, ಬಾಲ್ ಪೆನ್ ಬೇಡ, ಮಾಸುತ್ತದೆ' ಎಂದು ಪ್ರತಿ ಕಾಗದದಲ್ಲೂ ಅಡಿಗೆರೆ ಎಳೆದು ಬೇಡಿಕೊಳ್ಳುವುದು ಸ್ವಿಲೆನ್‌ನ ಪದ್ಧತಿ. ತೋಷ್ಕೊವ್ ಪುಣ್ಯಾತ್ಮ ಮಾತು ಕೇಳಿದ್ದ.

ಮೆತೋದಿ ಕಾರ್ಡನ್ನೇ ನೋಡುತ್ತ ನಿಂತುಬಿಟ್ಟಿದ್ದ. "ಇದು ನಿಂಗೆಲ್ಲಿ ಸಿಕ್ತೋ? ಈ ಹುಡುಗನ ಕೂದ್ಲು ನೋಡು..."

ಸ್ವಿಲೆನ್ ಅದನ್ನು ಕಿತ್ತುಕೊಂಡ. ಹನ್ನೆರಡು ವರ್ಷದ ಮರ್ಯಾದೆಯ ಬಹುವಚನ ಹಳೇ ಗೋಡೆಯ ಗಾರೆಯಂತೆ ಉದುರಿಬಿತ್ತು.

"ಮುಟ್ಬೇಡ! ನಿಂಗೇನ್ ಗೊತ್ತು ಇದರ ಬೆಲೆ? ಜೀವಮಾನದಲ್ಲಿ ಒಂದು ಚೆಂಡಾದ್ರೂ ಮುಟ್ಟಿದೀಯಾ ನೀನು? ಕಾಗದ ನೆಕ್ಕೋ ಮುದುಕ!"

ಮೆತೋದಿ ಒಲೆ ಆರಿಸಿ, ಇಬ್ಬರನ್ನೂ ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡ. ಇಬ್ಬರು ಏಕೆಂದರೆ ಅಷ್ಟರಲ್ಲಿ ಮೊದಲ ಮಹಡಿಯ ಸ್ತಾಂಕಾ, ಮೆಣಸಿನಕಾಯಿ ಸುಡುವುದನ್ನು ಅರ್ಧಕ್ಕೇ ಬಿಟ್ಟು, ಇಕ್ಕಳದ ಸಮೇತ ಬಂದು ನಿಂತಿದ್ದಳು.

ಸ್ವಿಲೆನ್ ಕಾರ್ಡು ತೋರಿಸಿ ನಡೆದದ್ದನ್ನೆಲ್ಲ ಅಳುತ್ತ ಹೇಳಿದ.

"ಅಳ್ಬೇಡ್ವೋ, ನೋಡೋಕಾಗಲ್ಲ," ಎಂದಳು ಸ್ತಾಂಕಾ. "ಆ ತೋಷ್ಕೊವ್ ಇರೋ ಹಳ್ಳಿಲೇ ನನ್ನ ನಾದಿನಿ ಇರೋದು. ಫೋನ್ ಮಾಡಿ ಕೇಳು, ಇನ್ನೊಂದು ಸಲ ಸಹಿ ಹಾಕಿಕೊಡ್ತಾನೆ."

ವಿಳಾಸ ಹುಡುಕಲು ಸ್ವಿಲೆನ್‌ಗೆ ಒಂದೂವರೆ ವರ್ಷ ಹಿಡಿದಿತ್ತು. ಸ್ತಾಂಕಾ ಏಳು ನಿಮಿಷದಲ್ಲಿ ನಂಬರ್ ತಂದಳು. ಅಂಗಳದ ಬೆಂಚಿನ ಮೇಲೆ, ಮೆತೋದಿಯ ಕಿಟಕಿಯ ಎದುರಿಗೇ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಗಿಂಕಾ ಉಳಿದ ಅಂಚೆಯನ್ನು ಮರೆತು ಚೀಲದ ಮೇಲೇ ಕೂತಳು.

"ಯಾರು? ಓ, ಕಾರ್ಡಿನವನಾ!" ಫೋನಿನಲ್ಲಿ ಗಡಸು ದನಿ. "ಬರ್ದಿದ್ನಲ್ಲಪ್ಪ, ಓದ್ಲಿಲ್ವಾ?"

"ಸಹಿ ಅಳಿಸಿಹೋಯ್ತು ಸಾರ್. ಹಬೆ ತಾಗಿ..."

"ಸಹಿ ಎಲ್ಲಿ ಮಾಡಿದ್ದೆ? 'ಇದು ನಾನಲ್ಲ' ಅಂತ ಬರ್ದಿದ್ದೆ. ಫೋಟೋ ತೆಗೆದ ದಿನ ನಂಗೆ ಹಲ್ಲುನೋವು, ಕೆನ್ನೆ ಕುಂಬಳಕಾಯಿ ಆಗಿತ್ತು. ನಮ್ಮ ಬದಲಿ ಗೋಲ್‌ಕೀಪರ್‌ಗೆ ನನ್ನ ಅಂಗಿ ತೊಡಿಸಿ ನಿಲ್ಸಿದ್ರು. ಕೆಳಗೆ ಹೆಸರು ಮಾತ್ರ ನಂದು. ಪಾಪ, ಮೂರು ವರ್ಷ ಬೆಂಚ್ ಕಾದ, ಒಂದು ಪಂದ್ಯಾನೂ ಆಡ್ಲಿಲ್ಲ. ಎಂಥಾ ಕೈ ಗೊತ್ತಾ ಅವನದು! ನಾನು ಗಟ್ಟಿ ಇದ್ದೆ, ಅವನಿಗೆ ಅದೇ ಗ್ರಹಚಾರ."

"ಯಾರು ಸಾರ್ ಅವ್ರು?"

"ಮೆತೋದಿ. ನಿಮ್ಮೂರಲ್ಲೇ ಎಲ್ಲೋ ಇದಾನಂತೆ, ಸ್ಟಾಂಪು ಗೀಂಪು ಕೂಡಿಸ್ಕೊಂಡು. ಅವನ ಹತ್ರ ಹಾಕಿಸ್ಕೋ. ಖುಷಿಪಡ್ತಾನೆ. ಈ ಜನ್ಮದಲ್ಲಿ ಅವನನ್ನ ಯಾರೂ ಸಹಿ ಕೇಳಿಲ್ಲ."

ನೆಲಮಹಡಿಯ ಕಿಟಕಿಯ ಪರದೆ ಒಂದಿಷ್ಟು ಅಲುಗಿ ನಿಂತಿತು.

"ಹೋಗೋ, ಕಾಲು ಹಿಡ್ಕೋ," ಎಂದು ಸ್ತಾಂಕಾ ಇಕ್ಕಳದಿಂದ ತಿವಿದಳು.

ಸ್ವಿಲೆನ್ ಬಾಗಿಲು ತಟ್ಟಿದ. "ಮೆತೋದಿಯಣ್ಣ, ನಂದು ತಪ್ಪಾಯ್ತು. ಬಾಯಿಗೆ ಬಂದಂಗೆ ಅಂದುಬಿಟ್ಟೆ."

ಒಳಗಿನಿಂದ ದನಿ ಬಂತು. "ಮಿಕ್ಕ ಹತ್ತು ಜನರನ್ನ ಹೇಗೆ ಕೇಳ್ದೆ?"

"ಕಾಗದ ಬರೆದು..."

"ನಂಗೂ ಬರಿ. ವಾಪಸ್ ಲಕೋಟೆ ಇಡು. ಚೀಟಿ ಚೆನ್ನಾಗಿರೋದು ಅಂಟ್ಸು. ಬಾಗಿಲ ಕೆಳಗೆ ತೂರ್ಸು ಸಾಕು."

ಸ್ವಿಲೆನ್ ಎರಡೆರಡು ಮೆಟ್ಟಿಲು ಹಾರಿ ಮನೆ ಸೇರಿದ. ಹನ್ನೊಂದು ಸಲ ಬರೆದ ಕಾಗದ, ಬಾಯಿಪಾಠವಾಗಿತ್ತು: 'ಮಾನ್ಯರೇ, ಬಾಲ್ಯದಿಂದಲೂ ನಿಮ್ಮ ಆಟವನ್ನು...' ಅಲ್ಲಿ ಪೆನ್ನು ನಿಂತಿತು. ಆ ಮನುಷ್ಯನ ಆಟವನ್ನು ಅವನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಮೆಟ್ಟಿಲ ಬಳಿ ಆ ಮುದುಕ ಮಾತಿಗೆ ಕಾದು ನಿಂತಿರುತ್ತಿದ್ದ. ಚೀಟಿ ಕೇಳುತ್ತಾನೆಂದು ಸ್ವಿಲೆನ್ ಬಸ್ ತಪ್ಪುವವನಂತೆ ಓಡಿಬಿಡುತ್ತಿದ್ದ. ಸಂಜೆಯ ತನಕ ಆರು ಹಾಳೆ ಹರಿದು, ಕೊನೆಗೆ ಏಳನೆಯದರಲ್ಲಿ 'ದಯವಿಟ್ಟು ಕ್ಷಮಿಸಿ' ಎಂದಷ್ಟೇ ಬರೆದ. ತನ್ನಲ್ಲಿ ಉಳಿದಿದ್ದ ಇನ್ನೊಂದು ಹೆಜ್ಜಾರ್ಲೆ ಚೀಟಿಯನ್ನು ವಾಪಸು ಲಕೋಟೆಗೆ ಅಂಟಿಸಿ, ಕಾರ್ಡಿನ ಸಮೇತ ಎಲ್ಲವನ್ನೂ ಮುದುಕನ ಬಾಗಿಲ ಕೆಳಗೆ ತೂರಿಸಿ ಬಂದ.

ಅರ್ಧ ಗಂಟೆಯಲ್ಲಿ ಲಕೋಟೆ ಅವನ ಬಾಗಿಲ ಕೆಳಗಿಂದ ಒಳಗೆ ಬಂತು. ಚೀಟಿ ಇದ್ದ ಜಾಗ ಒದ್ದೆಯಾಗಿತ್ತು. ಹೆಜ್ಜಾರ್ಲೆ ಮತ್ತೆ ಹಾರಿಹೋಗಿತ್ತು. ಸ್ವಿಲೆನ್ ಕಾರ್ಡು ಹೊರತೆಗೆದ. ನೀಲಿ ಮೋಡದ ಕೆಳಗೆ, ದುಂಡನೆಯ ಅಕ್ಷರದಲ್ಲಿ, ಅಳಿಸದ ಬಾಲ್ ಪೆನ್ನಿನಲ್ಲಿ ಒಂದು ಸಾಲಿತ್ತು:

'ಈ ಹುಡುಗ ಜೀವಮಾನದಲ್ಲಿ ಒಂದು ಚೆಂಡನ್ನೂ ಮುಟ್ಟಿದವನಲ್ಲ.'

ಸಹಿ ಇರಲಿಲ್ಲ.