ಸಾಗವಾನೀಸ್ ಬ್ಯಾಂಡಿಗೆ ಒಂದ ಒಂದು ವನ್ಸ್ ಮೋರ್

ಕೈಯಾಗ ಗಿಟಾರ್ ಹಿಡದ ಮನಶ್ಯಾಗ ಈ ಜಗತ್ತಿನ್ಯಾಗ ಏನರ ಕಡಿಮಿ ಬೀಳಬಹುದು, ಮಂದಿ ಅಭಿಪ್ರಾಯ ಮಾತ್ರ ಕಡಿಮಿ ಬೀಳೂದಿಲ್ಲ. ಕೇಳಿದ್ರೂ ಹೇಳ್ತಾರ, ಕೇಳದಿದ್ರೂ ಹೇಳ್ತಾರ. ಎಂಬತ್ತರ ದಶಕದಾಗ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಕೂ ಊರು ಕೂಡಿ ರಾಕ್ ಬ್ಯಾಂಡ್ ಅಂತ ಇದ್ದದ್ದು ಒಂದ, ಅದು ನಮ್ದು. ಹಿಂಗಾಗಿ ಇದ್ದಬಿದ್ದ ಅಭಿಪ್ರಾಯ ಎಲ್ಲಾ ನಮ್ಮ ತಲೀ ಮ್ಯಾಲ ಬಂದು ಬಿದ್ದವು.

ನಾವು ಮೂರು ಮಂದಿ. ನಾನು ಹಳಿಯಾಳದ ಕಿರಾಣಿ ಅಂಗಡಿ ಮನಿತನದಾಂವ, ಗಿಟಾರ್ ಬಾರಿಸಿ ಹಾಡಾಂವ. ಡ್ರಮ್ಮರ್ ಸಿದ್ದಿ ಜನಾಂಗದ ನನ್ನ ಗೆಳೆಯ, ಹತ್ರದ ಹಳ್ಳಿಯಾಂವ, ದಾಂಡೇಲಿಯ ಕಟಗಿ ಡಿಪೋದಾಗ ಕೆಲಸ. ಬೇಸ್ ಗಿಟಾರಿನಾಂವ ದಾಂಡೇಲಿಯ ಕೊಂಕಣಿ ಹುಡುಗ, ಚರ್ಚಿನ್ಯಾಗ ಬಾರಸೂದು ಕಲತಾಂವ, ಮಾತು ಕಡಿಮಿ. ಬ್ಯಾಂಡಿನ ಹೆಸರು ‘ದಿ ಸಾಗವಾನೀಸ್’. ನಮ್ಮ ಸೀಮಿಯೊಳಗ ಗಟ್ಟಿ ಅಂತ ಹೆಸರಾದದ್ದು ಸಾಗವಾನಿ ಕಟಗಿ ಒಂದ, ಅದನ್ನ ಇಟ್ಟಿದ್ವಿ.

ನಮ್ಮಪ್ಪಗ ಸಂಗೀತ ಅಂದ್ರ ಕಂಪನಿ ನಾಟಕ. ಹರೇದಾಗ ಹುಬ್ಬಳ್ಳಿತನಕ ಸೈಕಲ್ ಹೊಡಕೊಂಡು ಹೋಗಿ ನೋಡಿ ಬಂದಾಂವ. ಹಾಡು ಛಲೋ ಆತಂದ್ರ ಮಂದಿ “ವನ್ಸ್ ಮೋರ್” ಅಂತ ಒದರತಿದ್ರು, ಒದರಿದ್ರ ನಟ ಅದನ್ನ ಮತ್ತೊಮ್ಮೆ ಮಾಡಾಕ ಬೇಕು. ಸತ್ತು ಬಿದ್ದಾಂವ ಸುದ್ದಾ ಎದ್ದು, ಧೋತರದ ಧೂಳ ಜಾಡಿಸಿಕೊಂಡು, ಹಾಡಿ ಮುಗಿಸಿ ಮತ್ತ ಸಾಯತಿದ್ದ. ಅಪ್ಪನ ಪ್ರಕಾರ ವನ್ಸ್ ಮೋರ್ ಬಂದಾಂವ ಕಲಾವಿದ, ಬರದಾಂವ ಮನ್ಯಾಗ ಕುಂತು ಉಣ್ಣಾಂವ.

“ದೀಪಾವಳಿ ಒಳಗ ಒಂದ ಒಂದು ವನ್ಸ್ ಮೋರ್ ತಗೊಂಡು ಬಾ,” ಅಂದ. “ಬೀಗರು ಬಿಜ್ಜರು ಒದರಿದ್ದು ನಡ್ಯಾಂಗಿಲ್ಲ. ಬರಲಿಲ್ಲ, ಗಿಟಾರ್ ಅಟ್ಟದ ಮ್ಯಾಲ. ನೀ ಮುಂಡಗೋಡದಾಗ ನಿಮ್ಮ ಮಾಮಾನ ಗೊಬ್ಬರದ ಅಂಗಡ್ಯಾಗ.”

ಗೊಬ್ಬರದ ಮ್ಯಾಲ ನಂದೇನೂ ಸಿಟ್ಟಿಲ್ಲ. ಆದ್ರ ಇಪ್ಪತ್ಮೂರನೇ ವರ್ಷಕ್ಕ ಗಿಟಾರ್ ಬಿಟ್ಟು ಯೂರಿಯಾ ತೂಗಬೇಕಂದ್ರ ಖರೇನ ಅಳು ಬರತಿತ್ತು. ಅಷ್ಟೊತ್ತಿಗೆ ಶ್ರಾವಣ ಶುರು ಆಗಿತ್ತು.

ಗರಗಸ

ಮೊದಲ ಒಂದು ಕ್ಯಾಸೆಟ್ ಮಾಡಿದ್ವಿ. ಸ್ಟುಡಿಯೋ ಎಲ್ಲಿಂದ ಬರಬೇಕು? ದಾಂಡೇಲಿಯೊಳಗ ಒಂದು ಗರಗಸದ ಮಿಲ್ಲಿನ ಹಿಂದ ಖಾಲಿ ಗೋದಾಮು ಇತ್ತು. ಐತವಾರ ಮಿಲ್ ಬಂದ್ ಇರತೈತಿ ಅಂತ ಹೇಳಿ ಅಲ್ಲೇ ಟೇಪ್‌ರೆಕಾರ್ಡರ್ ಇಟ್ಟು ಹಾಡಿದ್ವಿ. ಆ ಐತವಾರನ ಮಾಲಕಗ ಅರ್ಜೆಂಟ್ ಆರ್ಡರ್ ಬಂದಿತ್ತು. ಮೂರನೇ ಹಾಡಿನ ನಟ್ಟನಡುವ ಗರಗಸ ಶುರು ಆತು. ಮತ್ತ ಮೊದಲಿಂದ ಹಾಡೂ ತಾಕತ್ತು ಯಾರಿಗೂ ಉಳಿದಿರಲಿಲ್ಲ. ಇರ್ಲಿ ಬಿಡು ಅಂತ ಬಿಟ್ಟವಿ.

ಪ್ರತಿ ತಗದು ಚಾದಂಗಡಿಗೆ, ಕಟಿಂಗ್ ಶಾಪಿಗೆ, ಟೆಂಪೋದವರಿಗೆ ಹಂಚಿದ್ವಿ. ಹದಿನೈದು ದಿನಕ್ಕ ಜೋಯಿಡಾದಿಂದ ಒಬ್ಬಾಂವ ನನ್ನ ಹುಡಕಿಕೊಂಡು ಅಂಗಡಿಗೆ ಬಂದ. ನನ್ನ ಜೀವನದಾಗ ಮೊದಲನೇ ಅಭಿಮಾನಿ! ಚಾ ತರಿಸಿದ್ನಿ, ಚೂಡಾ ತರಿಸಿದ್ನಿ.

“ಮೂರನೇ ಹಾಡು ದಿನಾ ನಾಕ ಸಲ ಕೇಳ್ತೇನ್ರಿ,” ಅಂದ.

“ಅದರಾಗ ನನ್ನ ದನಿ ಹೆಂಗ ಬಂದೈತ್ರಿ?”

“ನಿಮ್ಮ ದನಿ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ನಡುವ ‘ಝೂಂಯ್’ ಅಂತ ಒಂದು ಬರತೈತಲ್ರಿ, ಏನ್ ಎಳದಾನ್ರೀ ಅಂವ! ಎಲ್ಲಿಂದ ಕರಸಿದ್ರಿ ಅಂವನ್ನ?”

ಗರಗಸ ಅಂತ ಹೇಳಾಕ ಬಾಯಿ ಬರಲಿಲ್ಲ. “ಲೋಕಲ್ ಕಲಾವಿದ್ರಿ,” ಅಂದ್ನಿ.

“ಮತ್ತ ಅಂವನ ಹೆಸರು ಕವರಿನ ಮ್ಯಾಲ ಯಾಕ ಹಾಕಿಲ್ರಿ? ಪಾಪ!” ಅಂತ ನನಗ ಬೈದು, ಚೂಡಾ ಮುಗಿಸಿ ಎದ್ದು ಹ್ವಾದ.

ದಿನಾ ನಾಕ ಸಲ ಕೇಳೂದು ಅಂದ್ರ ವನ್ಸ್ ಮೋರ್ ಆಗತೈತಿಲ್ಲೋ ಅಂತ ಅಪ್ಪನ್ನ ಕೇಳಿದ್ನಿ. “ಆಗತೈತಿ,” ಅಂದ ಅಪ್ಪ. “ಗರಗಸಕ್ಕ.”

ಏಳೂವರಿ ಬಸ್ಸು

ಕ್ಯಾಸೆಟ್ಟಿನ ಮೊದಲನೇ ಹಾಡಿನ ಹೆಸರು ‘ಏಳೂವರಿ ಬಸ್ಸು’. ಹುಡುಗಿ ಬಸ್ ಹತ್ತಿ ಹೋಗ್ತಾಳ, ಹುಡುಗ ಸ್ಟ್ಯಾಂಡಿನ್ಯಾಗ ಉಳೀತಾನ, ಇಷ್ಟ ಕತಿ. ಒಂದಿನ ಆ ಬಸ್ಸಿನ ಕಂಡಕ್ಟರ್ ಸ್ವತಃ ನಮ್ಮ ಅಂಗಡಿಗೆ ಬಂದ. ಹೆಗಲಾಗ ಚೀಲ ಹಂಗ ಇತ್ತು.

“ಆ ಹಾಡು ನಿಂದೇನ?”

“ಹೌದ್ರಿ,” ಅಂದ್ನಿ, ನಾಚಿಕೊಂಡು.

“ಆ ಬಸ್ಸು ಈಗ ಏಳೂಕಾಲಕ್ಕ ಬಿಡತೈತಿ. ನಿನ್ನ ಹಾಡು ನಂಬಿ ನಿನ್ನೆ ನಾಕ ಮಂದಿ ಬಸ್ ತಪ್ಪಿಸಿಕೊಂಡು ನನ್ನ ಮ್ಯಾಲ ಕಂಪ್ಲೇಂಟ್ ಬರದಾರ. ಹಾಡು ತಿದ್ದು.”

“ಕ್ಯಾಸೆಟ್ ಆಗಿಬಿಟ್ಟೈತ್ರಿ. ಅದೂ ಅಲ್ದ ‘ಏಳೂಕಾಲು’ ಅಂದ್ರ ತಾಳಕ್ಕ ಕೂಡೂದಿಲ್ಲ.”

ಅಂವ ನಂಬಲಿಲ್ಲ. ಅಲ್ಲೇ ನಿಂತು, ಟಿಕೆಟ್ ಪಂಚಿನಿಂದ ಕೌಂಟರ್ ಮ್ಯಾಲ ತಾಳ ಹಾಕಿ, ಬಾಯೊಳಗ ಎರಡೂ ನಮೂನಿ ಹಾಡಿ ನೋಡಿದ. ಖರೇನ ಕೂಡಲಿಲ್ಲ. “ಹೌದಲ್ಲ,” ಅಂದು ಹ್ವಾದ.

ಮುಂದಿನ ವಾರದಿಂದ ಬಸ್ಸು ಏಳೂವರಿಗೇ ಬಿಡಾಕ ಹತ್ತಿತು.

ಚೆಕ್‌ಪೋಸ್ಟ್

ಗಣಪತಿ ಹಬ್ಬಕ್ಕ ಸೂಪಾ ಡ್ಯಾಮಿನ ಕೆಲಸಗಾರರು ತಮ್ಮ ಕಾಲನಿಗೆ ಕರದಿದ್ರು. ಟೆಂಪೋದಾಗ ಡ್ರಮ್ಮು, ಡಬ್ಬಿ, ಸ್ಪೀಕರ್ ಎಲ್ಲಾ ಹಾಕಿ, ಮ್ಯಾಲ ತಾಡಪತ್ರಿ ಮುಚ್ಚಿ, ಮುಂದ ‘ದಿ ಸಾಗವಾನೀಸ್’ ಅಂತ ಬೋರ್ಡ್ ಕಟಗೊಂಡು ಹೊಂಟ್ವಿ. ಫಾರೆಸ್ಟ್ ಚೆಕ್‌ಪೋಸ್ಟಿನ್ಯಾಗ ಗಾರ್ಡ್ ಅಡ್ಡಗೋಲು ಇಳಿಸಿದ. ಬೋರ್ಡ್ ಓದಿದ, ತಾಡಪತ್ರಿ ನೋಡಿದ, ಮತ್ತೊಮ್ಮೆ ಬೋರ್ಡ್ ಓದಿದ.

“ಇಪ್ಪತ್ತು ವರ್ಷ ಸರ್ವಿಸ್ ಆತು,” ಅಂದ. “ಸಾಗವಾನಿ ಸಾಗಸಾವ್ರು ಬೋರ್ಡ್ ಹಚಗೊಂಡು ಬಂದದ್ದು ಇದ ಮೊದಲು.”

ಬ್ಯಾಂಡ್ ಅದೀವ್ರಿ ಅಂತ ಎಷ್ಟು ಹೇಳಿದ್ರೂ ಕೇಳಲೊಲ್ಲ. ಡ್ರಮ್ಮಿನ ಮೈ ಬಡದು ಬಡದು ನೋಡಿದ. ಗಿಟಾರ್ ಮೂಗಿಗೆ ಹಿಡದು ಮೂಸಿದ. ಕಡೀಕ, “ಬ್ಯಾಂಡ್ ಆಗಿದ್ರ ಬಾರಿಸಿ ತೋರಸ್ರಿ,” ಅಂದ.

ನಡು ರಸ್ತೆದಾಗ ಇಳಿಸಿ ಬಾರಿಸಿದ್ವಿ. ಕರೆಂಟ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಅಂದ್ರ ಗುಂಗಾಡಿ ಕಿವಿ ಹತ್ರ ಗುಂಯ್ ಅಂದಷ್ಟ ಸಪ್ಪಳ. ಹಿಂದ ನಿಂತ ಎರಡು ಲಾರಿ ಡ್ರೈವರಗಳು ಇಳದು ಬಂದು ಕೈ ಕಟಗೊಂಡು ನಿಂತ್ರು. ಪೂರಾ ಒಂದು ಹಾಡು ಮುಗಿಯೂತನಕ ಗಾರ್ಡ್ ಕಣ್ಣು ಮಿಟಕಿಸಲಿಲ್ಲ. ಆಮ್ಯಾಲ ಟೊಪಗಿ ಸರಿ ಮಾಡಿಕೊಂಡು ತೀರ್ಪು ಕೊಟ್ಟ.

“ಇದು ಸಂಗೀತ ಅಂತೂ ಅಲ್ಲ. ಆದ್ರ ಕಟಗಿನೂ ಅಲ್ಲ. ನನಗ ಅಧಿಕಾರ ಇರೂದು ಕಟಗಿ ಮ್ಯಾಲಷ್ಟ. ಹೋಗ್ರಿ.”

ದೊಡ್ಡವ್ವ

ಸೂಪಾದಾಗ ವನ್ಸ್ ಮೋರ್ ಬರಲಿಲ್ಲ, ಯಾಕಂದ್ರ ನಾವು ಮುಟ್ಟೂದ್ರಾಗ ಗಣಪತಿನ ನೀರಿಗೆ ಹೋಗಿಬಿಟ್ಟಿದ್ದ. ದಸರೆಗೆ ಡ್ರಮ್ಮರ್ ಅಂದ: “ನಮ್ಮೂರಿಗೆ ಹೋಗೂಣು. ನಮ್ಮ ಮಂದಿಗೆ ತಾಳ ತಿಳೀತೈತಿ.”

ತಿಳೀತಿತ್ತು, ಅದ ತೊಂದರಿ ಆತು. ಊರ ಮಂದೆಲ್ಲಾ ಅಂಗಳದಾಗ ಕುಂತು ಆರು ಹಾಡು ಕೇಳಿದ್ರು. ಯಾರೂ ಎದ್ದು ಹೋಗಲಿಲ್ಲ, ಯಾರೂ ತಲಿನೂ ಅಳ್ಳಾಡಿಸಲಿಲ್ಲ. ಮುಗದ ಮ್ಯಾಲ ಡ್ರಮ್ಮರ್‌ನ ದೊಡ್ಡವ್ವ, ಅಂವನ ಅಜ್ಜಿ, ಕೈ ಮಾಡಿ ಮೊಮ್ಮಗನ್ನ ಕರದ್ಳು.

“ಆರು ಡೋಲು ಮುಂದ ಇಟಗೊಂಡು ಒಂದ ಪೆಟ್ಟು ಹೊಡೀತಿ,” ಅಂದ್ಳು. “ನಿಮ್ಮಜ್ಜ ಒಂದ ಡೋಲಿನ್ಯಾಗ ಆರು ಪೆಟ್ಟು ಹೊಡೀತಿದ್ದ. ಉಳದ ಐದು ಯಾರಿಗರ ಕೊಟ್ಟುಬಿಡು.”

ಆಮ್ಯಾಲ ಗ್ವಾಡಿಗೆ ತೂಗಹಾಕಿದ್ದ ದಮಾಮಿ ಇಳಿಸಿದ್ರು. ದಮಾಮಿ ಅಂದ್ರ ಚಕ್ಕಳ ಬಿಗದ ಅವರ ಡೋಲು. ಅದರ ಮ್ಯಾಲ ಒಂದು ಕೈ ಬಿದ್ದದ್ದ ತಡ, ಅಷ್ಟೊತ್ತು ಕಲ್ಲಿನಂಗ ಕುಂತ ಮಂದಿ ಎದ್ದು ಕುಣಿಯಾಕ ಹತ್ತಿದ್ರು. ನಮ್ಮ ಡ್ರಮ್ಮರೂ ಕುಣದ, ಬೇಸಿನಾಂವನೂ ಕುಣದ. ವನ್ಸ್ ಮೋರ್ ಅಂತ ಯಾರೂ ಅನ್ನಲಿಲ್ಲ. ನಿಲ್ಲಿಸಿದ್ರಲ್ಲ ಅನ್ನೂದು!

ನಾ ಒಬ್ಬಾಂವ ಗಿಟಾರ್ ಹಿಡಕೊಂಡು ಮಾರಿ ಸಣ್ಣದು ಮಾಡಿಕೊಂಡು ನಿಂತದ್ದು ನೋಡಿ ದೊಡ್ಡವ್ವಗ ಮರುಕ ಬಂತು. ತಲಿ ಮ್ಯಾಲ ಕೈ ಆಡಿಸಿದ್ಳು.

“ನಿನ್ನ ದನಿ ಭಾಳ ಛಲೋ ಐತಿ, ಮಗಾ. ಭತ್ತ ಬಲಿತಂದ್ರ ಹಂದಿ ಕಾಟ ನಮಗ. ಸುಗ್ಗಿತನಕ ಹೊಲದಾಗ ಬಂದು ಇದ್ದುಬಿಡು.”

ಕ್ಯಾಂಪಿನ್ಯಾಗ

ದೀಪಾವಳಿಗೆ ಹತ್ತ ದಿನ ಉಳದಿತ್ತು. ಮುಂಡಗೋಡದ ಟಿಬೆಟಿ ಕ್ಯಾಂಪಿನ ಹುಡುಗರು ಕರದ್ರು. ಜೀನ್ಸ್ ಪ್ಯಾಂಟು, ಭುಜದ ಮ್ಯಾಲ ಕೂದಲಾ. ರಾಕ್ ಸಂಗೀತ ನಮಗಿಂತ ಅವರಿಗೆ ಹೆಚ್ಚು ಗೊತ್ತಿತ್ತು, ಅದನ್ನ ಅವರು ಮುಖದ ಮ್ಯಾಲ ತೋರಸಲಿಲ್ಲ, ಅಷ್ಟು ಸಭ್ಯರು. ಮುಂದಿನ ಸಾಲಿನ್ಯಾಗ ಒಬ್ಬ ವಯಸ್ಸಾದ ಲಾಮಾ ಬಂದು ಕುಂತ್ರು. ನಾ ಗಿಟಾರಿನ ತಂತಿ ಮೊದಲನೇ ಸಲ ಮೀಟೂದಕ್ಕೂ ಅವರು ಕಣ್ಣು ಮುಚ್ಚೂದಕ್ಕೂ ಸರಿ ಹೋತು. ಸ್ಪೀಕರ್ ‘ಕುಂಯ್’ ಅಂತ ಕಿವಿ ಹರಕೊಂಡು ಹೋಗೂವಂಗ ಒದರಿತು, ಅವರು ಅಳ್ಳಾಡಲಿಲ್ಲ. ಡ್ರಮ್ಮಿನ ಒಂದು ತಾಟು ಕಳಚಿ ಅವರ ಕಾಲಿನ ಹಂತ್ಯಾಕ ಉರುಳಿಕೊಂಡು ಬಂತು, ಅವರು ಅಳ್ಳಾಡಲಿಲ್ಲ.

ಮುಗದ ಮ್ಯಾಲ ಕಣ್ಣು ತಗದು, ನನ್ನ ಎರಡೂ ಕೈ ಹಿಡಕೊಂಡು ಬಾಯ್ತುಂಬ ನಕ್ಕು ಏನೋ ಹೇಳಿದ್ರು. ಬಂತು ವನ್ಸ್ ಮೋರ್ ಅಂತ ತಿಳಕೊಂಡ್ನಿ.

“ನಾಳೆನೂ ಬರಬೇಕಂತ್ರಿ,” ಅಂತ ಬಾಜು ನಿಂತ ಹುಡುಗ ಕನ್ನಡದಾಗ ಹೇಳಿದ. “ಇವರು ಶಿಷ್ಯರಿಗೆ ಮನಸ್ಸು ಸ್ಥಿರ ಇಡೂದು ಕಲಸ್ತಾರ. ಆದ್ರ ಇಲ್ಲಿ ಎಲ್ಲಾ ಶಾಂತ, ಪರೀಕ್ಷಾ ಮಾಡಾಕ ಏನೂ ಸಿಕ್ಕಿರಲಿಲ್ಲಂತ. ಇವತ್ತ ಸಿಕ್ಕೈತಂತ.”

“ಇವೇ ಹಾಡು ಸಾಕೇನ್ರಿ?” ಅಂತ ಕೇಳಿದ್ನಿ.

ಹುಡುಗ ಕೇಳಿ ಬಂದು ಹೇಳಿದ: “ಇವೇ ಬೇಕಂತ್ರಿ. ನಡುವ ಏನೂ ಸುಧಾರಣಿ ಮಾಡಿಕೊಂಡು ಬರಬ್ಯಾಡ್ರಿ ಅಂದಾರ.”

ಹಳಿಯಾಳದ ಸಂಜಿ

“ಅದು ಪರೀಕ್ಷಾ, ವನ್ಸ್ ಮೋರ್ ಅಲ್ಲ,” ಅಂದ ಅಪ್ಪ. ಉಳದದ್ದು ಒಂದ ಕಾರ್ಯಕ್ರಮ, ನಮ್ಮೂರು ಹಳಿಯಾಳದಾಗ, ಸಂತಿ ಬಯಲಾಗ, ದೀಪಾವಳಿ ಶುರು ಆಗೂ ನೀರು ತುಂಬೂ ಹಬ್ಬದ ಹಿಂದಿನ ದಿನ. ಮಾಮಾ ಮುಂಡಗೋಡದಿಂದ ಅವತ್ತ ಬಂದಿದ್ದ, ಸೋತ್ರ ಮರುದಿನ ಮುಂಜಾನೆ ಬಸ್ಸಿಗೆ ನನ್ನ ಕರಕೊಂಡು ಹೋಗಾಕ. ನನ್ನ ಟ್ರಂಕು ಅವ್ವ ಕಟ್ಟಿ ಇಟ್ಟಿದ್ಳು.

ಮಧ್ಯಾಹ್ನ ಒಂದು ಮಳಿ ಹೊಡದು ಹೋಗಿತ್ತು. ಸ್ಟೇಜಿನ ಹಲಗಿ ಎಲ್ಲಾ ತೊಪ್ಪಂತ ತೊಯ್ದಿದ್ವು. ನಮ್ಮ ಕಡೆ ರಂಗ ಅಂದ್ರ ದೇವರ ಕಟ್ಟಿ ಇದ್ದಂಗ, ಚಪ್ಪಲ್ ಹಾಕ್ಕೊಂಡು ಹತ್ತೂದಿಲ್ಲ. ಮೂರೂ ಮಂದಿ ಚಪ್ಪಲ್ ಬಿಚ್ಚಿಟ್ಟು, ಹಲಗಿ ಮುಟ್ಟಿ ನಮಸ್ಕಾರ ಮಾಡಿ ಹತ್ತಿದ್ವಿ. ಮುಂದಿನ ಖುರ್ಚಿಯೊಳಗ ಅಪ್ಪ, ಬಾಜೂಕ ಮಾಮಾ.

ಮೊದಲನೇ ಹಾಡಿಗೆ ಮಂದಿ ಶೇಂಗಾ ತಿಂದ್ರು. ಎರಡನೇದಕ್ಕ ಅರ್ಧ ಮಂದಿ ಎದ್ದು ನಿಂತ್ರು, ಮನಿಗೆ ಹೋಗಾಕ. ಮಾಮಾ ಗಡಿಯಾರ ನೋಡಿದ. ಮೂರನೇ ಹಾಡಿಗೆ ನಾ ಆದದ್ದಾಗಲಿ ಅಂತ ಗಿಟಾರಿನ ತಂತಿ ಗಟ್ಟ್ಯಾಗಿ ಹಿಡದು, ಮೈಕಿಗೆ ತುಟಿ ಹಚ್ಚಿದ್ನಿ.

ಕರೆಂಟ್ ಹೊಡೀತು. ತುಟಿಯಿಂದ ಹೊಕ್ಕು ಅಂಗಾಲಿನಿಂದ ಹೊಂಟಿತು. ನನ್ನ ಬಾಯಿಂದ ಒಂದು ದನಿ ಬಂತು, ಅಂಥಾ ದನಿ ನನ್ನ ಹಂತ್ಯಾಕ ಐತಿ ಅಂತ ನನಗೂ ಗೊತ್ತಿರಲಿಲ್ಲ. ಎರಡೂ ಕಾಲು ತಾವ ಎದ್ದು ಒಂದು ನಮೂನಿ ಕುಣದ್ವು. ಇದ್ಯಾವುದೋ ಹೊಸಾ ಐಟಂ ಅಂತ ತಿಳಕೊಂಡು ಡ್ರಮ್ಮರ್ ನನ್ನ ಕಾಲಿಗೆ ಸರಿಯಾಗಿ ಪೆಟ್ಟು ಹಾಕಿದ. ಬೇಸಿನಾಂವ ಜೀವನದಾಗ ಮೊದಲನೇ ಸಲ ನಕ್ಕ. ಕಡೀಕ ನಾ ಹಾರಿ ಹಿಂದಿನ ಪರದೆ ಮ್ಯಾಲ ಬಿದ್ನಿ.

ಆಮ್ಯಾಲ ಬಯಲಿಗೆ ಬಯಲ ಎದ್ದು ನಿಂತು ಒದರಿತು: “ವನ್ಸ್ ಮೋರ್! ವನ್ಸ್ ಮೋರ್!”

ಮಲಕೊಂಡಲ್ಲೇ ನನ್ನ ಕಣ್ಣಾಗ ನೀರು ಬಂದ್ವು, ಸಂತೋಷಕ್ಕ. ಮೈಕಿನಾಂವ ನನ್ನ ಚಪ್ಪಲ್ ಹಿಡಕೊಂಡು ಓಡಿ ಬಂದ. “ಬರಿಗಾಲಾಗ ಮೈಕ್ ಹಿಡೀಬ್ಯಾಡ್ರಿ ಮಾರಾಯ್ರ, ಇವನ್ನ ಹಾಕ್ಕೋರಿ!” ಹಾಕ್ಕೊಂಡು ಅದ ಹಾಡು ಮತ್ತ ಮೊದಲಿಂದ, ಶ್ರುತಿ ಹಿಡದು ಹಾಡಿದ್ನಿ. ಏನೂ ಆಗಲಿಲ್ಲ.

“ಇದಲ್ಲೋ! ಮೊದಲಿಂದು! ಮೊದಲಿಂದು!” ಅಂತ ಮಂದಿ ಒದರಿದ್ರು.

ಅಪ್ಪ ಎದ್ದು ಸ್ಟೇಜಿನ ಹಂತ್ಯಾಕ ಬಂದ. “ಜೀವಕ್ಕೇನೂ ಆಗಿಲ್ಲಲ್ಲ?”

“ಇಲ್ಲಪ್ಪಾ. ಆದ್ರ ಅದು ಹಾಡಲ್ಲ, ಕರೆಂಟು.”

“ಅದು ಏನರ ಇರ್ಲಿ, ಮಂದಿ ಕೇಳಾಕತ್ತಾರ. ಕೊಡೂದು ಬಿಡೂದು ನಿನಗ ಬಿಟ್ಟದ್ದು. ಮಾಮಾ ಕುಂತಾನ ನೋಡು.”

ನಾ ಮಾಮಾನ್ನ ನೋಡಿದ್ನಿ. ಅಂವ ನನ್ನ ಸಲುವಾಗಿ ಒಂದು ಹೊಸಾ ತಕ್ಕಡಿ ತಂದಿದ್ದ. ನಾ ಚಪ್ಪಲ್ ಬಿಚ್ಚಿ, ಬಾಜೂಕ ಜೋಡಿಸಿಟ್ಟು, ತಂತಿ ಗಟ್ಟ್ಯಾಗಿ ಹಿಡದು ಮೈಕಿಗೆ ತುಟಿ ಹಚ್ಚಿದ್ನಿ.

ಎರಡನೇದು ಮೊದಲಿನದಕ್ಕಿಂತ ಛಲೋ ಆತು. ಪರದೆ ಸುದ್ದಾ ಹರೀತು. ಬಯಲು ಮತ್ತ ವನ್ಸ್ ಮೋರ್ ಅಂತ ಎದ್ದು ನಿಂತಿತು, ಈ ಸಲ ಎಲ್ಲಾರಿಗಿಂತ ಮೊದಲ ಒದರಿದಾಂವ ನಮ್ಮಪ್ಪ.